ಹಳ್ಳದಾಚೆಗೂ ಗಾಜಿನ ಎಳೆ

ಫೆಬ್ರವರಿ ೯

ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಬೇಕರಿಯ ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ. ಕಾಗುಣಿತ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂದು ನಿನಗೆ ಗೊತ್ತಲ್ಲ, ಅದಕ್ಕೇ ಕಾಗದ.

ನಿನ್ನೆ ಮನೆಗೆ ಫೋನ್ ರಿಪೇರಿಯವನು ಬಂದಿದ್ದ. ಪಟ್ಟಣದಿಂದ ಯಾರೋ ದೂರು ಕೊಟ್ಟಿದ್ದಾರಂತೆ. ಈ ನಂಬರಿಗೆ ಮಾಡಿದರೆ ಮಾತು ಕೇಳಿಸುವುದಿಲ್ಲ, ಬರೀ ಟಿಕ್ ಟಿಕ್ ಸದ್ದು ಬರುತ್ತದೆ ಎಂದು. ಅವನು ಕಂಬ ಹತ್ತಿದ, ಪೆಟ್ಟಿಗೆ ಬಿಚ್ಚಿದ, ಗೋಡೆಗುಂಟ ವೈರು ಹಿಡಿದು ಒಳಗಿನವರೆಗೂ ಬಂದ. ಕೊನೆಗೆ, "ಲೈನು ಚೆನ್ನಾಗೇ ಇದೆ ಕಣಮ್ಮ. ಒಂದು ಜಾಯಿಂಟೂ ನೆನೆದಿಲ್ಲ. ದೂರು ಕೊಟ್ಟೋರ ಕಿವಿಗೇ ರಿಪೇರಿ ಬೇಕೇನೋ" ಎಂದು ನಕ್ಕು ಹೋದ. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರು ನಗಲಿಲ್ಲ.

ದೂರು ಕೊಟ್ಟವಳು ನೀನೇ ಎಂದು ನನಗೆ ಆಗಲೇ ಹೊಳೆಯಿತು. ಬೇರೆ ಯಾರೇ ಆಗಿದ್ದರೂ ಫೋನ್ ಕೆಟ್ಟಿದೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ನೀನು ಲೈನ್‌ಮನ್ ಮಗಳು. ಟಿಕ್ ಟಿಕ್ ಎಂದರೆ ಎಲ್ಲೋ ಜಾಯಿಂಟಿಗೆ ನೀರು ಇಳಿದಿದೆ ಎಂದು ಅಪ್ಪನೇ ನಮಗೆ ಹೇಳಿಕೊಟ್ಟಿದ್ದರಲ್ಲ.

ಅದು ನೀರಲ್ಲ ಅಕ್ಕ. ಅಪ್ಪನ ಉಗುರು.

ನಿನಗೆ ಹೇಳಬಾರದು ಎಂದು ಅಪ್ಪ ನನ್ನ ಬಾಯಿ ಕಟ್ಟಿಹಾಕಿದ್ದರು. ಈಗ ಹೇಳದೆ ವಿಧಿಯಿಲ್ಲ. ಕಳೆದ ವರ್ಷ ಅಪ್ಪನ ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಬುಡದಲ್ಲಿ ಒಂದು ತೂತು ಇದೆ. ಉಸಿರಾಡುವುದು ಅದರಿಂದಲೇ. ಮೇಲೆ ತೆಳು ಬಟ್ಟೆ ಕಟ್ಟಿಕೊಂಡಿರುತ್ತಾರೆ. ಮಾತು ಇಲ್ಲ, ಪಿಸುಮಾತೂ ಇಲ್ಲ. ಹೇಳುವುದಿದ್ದರೆ ಸ್ಲೇಟಿನ ಮೇಲೆ ಬರೆಯುತ್ತಾರೆ.

ಹೊಸ ವರ್ಷದಿಂದ ಭಾನುವಾರ ಬೆಳಿಗ್ಗೆ ನೀನು ಫೋನ್ ಮಾಡುತ್ತಿದ್ದೀಯ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಬ್ರೆಡ್ಡು ಹಂಚುತ್ತಾ ಸೈಕಲ್ ಮೇಲೆ ಇರುತ್ತೇನೆ. ನಿನ್ನೆ ಕೇಳಿದೆ. ಅಪ್ಪ ಸ್ಲೇಟಿನಲ್ಲಿ ಬರೆದರು: "ಅವಳು ಹಲೋ ಅನ್ನುತ್ತಾಳೆ. ನಾನು ತಟ್ಟುತ್ತೇನೆ. ಅವಳು ಇಟ್ಟುಬಿಡುತ್ತಾಳೆ."

ಗಾಳಿ ಜೋರಾಗಿದ್ದು ಕಂಬದ ಮೇಲೆ ಮಾತು ಕೇಳಿಸದಿದ್ದಾಗ ಲೈನ್‌ಮನ್‌ಗಳು ರಿಸೀವರಿನ ಮೇಲೆ ಉಗುರಿನಿಂದ ತಟ್ಟುತ್ತಿದ್ದರಂತೆ. ಒಂದು ಸಲ ತಟ್ಟಿದರೆ 'ಇದ್ದೇನೆ'. ಎರಡು ಸಲ ತಟ್ಟಿದರೆ 'ಕೇಳಿಸಿತು, ಸರಿ'. ಅದು ಅವರವರ ನಡುವಿನ ಪದ್ಧತಿ, ನಮಗೆ ಹೇಳಿಕೊಟ್ಟಿರಲಿಲ್ಲ. ನಿನಗೆ ಗೊತ್ತಿರಬೇಕು ಎಂದೇ ಅಪ್ಪ ಅಂದುಕೊಂಡಿದ್ದರು.

ಇನ್ನೊಂದು ವಿಷಯ. ಆಗಸ್ಟ್ ಕೊನೆಗೆ ಈ ಹಳೇ ತಾಮ್ರದ ಲೈನನ್ನು ಪೂರ್ತಿ ನಿಲ್ಲಿಸುತ್ತಾರಂತೆ. ಅದರ ಬದಲು ಗಾಜಿನ ಎಳೆಯ ಫೈಬರ್. ಅದರಲ್ಲಿ ಫೋನೂ ಬರುತ್ತದೆ, ಇಂಟರ್ನೆಟ್ಟೂ ಬರುತ್ತದೆ, ಮುಖ ನೋಡಿಕೊಂಡು ಮಾತಾಡಬಹುದು. ಎರಡು ಕಂಪನಿಯವರು ಬಂದು ಹೋಗಿದ್ದಾರೆ. ಯಾರನ್ನು ಆರಿಸಬೇಕು ಎಂದು ಊರಿನಲ್ಲಿ ಗದ್ದಲ. ನಮ್ಮ ಕಣಿವೆಗೆ ಮೊಬೈಲ್ ಸಿಗ್ನಲ್ ಇಣುಕುವುದೂ ಇಲ್ಲ ಎಂದು ನಿನಗೆ ಗೊತ್ತು. ತಾಮ್ರ ಹೋದರೆ ಇನ್ನೇನೂ ಇಲ್ಲ.

ಈ ಕಾಗದ ಬರೆದದ್ದು ಅಪ್ಪನಿಗೆ ಗೊತ್ತಿಲ್ಲ.

ನಿನ್ನ ತಂಗಿ,
ಗುಬ್ಬಿ


ಫೆಬ್ರವರಿ ೨೪

ಗುಬ್ಬಿ,

ನಿನ್ನ ಕಾಗದ ಡ್ಯೂಟಿಗೆ ಹೊರಡುವಾಗ ಸಿಕ್ಕಿತು. ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿದ್ದು ಕಂಡಕ್ಟರು ಹೇಳಿದ ಮೇಲೆಯೇ ಗೊತ್ತಾದದ್ದು.

ನನ್ನ ಕೆಲಸ ಏನು ಎಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ. ಆಂಬುಲೆನ್ಸಿಗೆ ಬರುವ ಫೋನುಗಳನ್ನು ಎತ್ತುವುದು. ಉದ್ದನೆಯ ಹಾಲು, ಸಾಲು ಮೇಜು, ಎಲ್ಲರ ಕಿವಿಗೂ ಹೆಡ್‌ಫೋನು. ಕರೆ ಬಂದು ಆ ಕಡೆಯಿಂದ ಮಾತೇ ಬರದಿದ್ದರೆ ಇಡಬಾರದು. ನಮಗೆ ಹೇಳಿಕೊಡುವ ಮೊದಲ ಪಾಠ ಅದು. "ಮಾತಾಡೋಕೆ ಆಗ್ತಿಲ್ವಾ? ಹಾಗಿದ್ರೆ ಫೋನ್ ಮೇಲೆ ಒಂದ್ಸಲ ತಟ್ಟಿ. ನಾನು ಇಲ್ಲೇ ಇದೀನಿ" ಎನ್ನಬೇಕು. ಗುರುತು ಪರಿಚಯ ಇಲ್ಲದವರಿಗೆಲ್ಲ ಇದನ್ನು ಹೇಳಿದ್ದೇನೆ. ತಟ್ಟುವ ಸದ್ದಿಗಾಗಿ ಕಾದಿದ್ದೇನೆ.

ನಮ್ಮಪ್ಪ ಯಾರೂ ಹೇಳದೆ ತಟ್ಟಿದರು. ನಾನು ಇಟ್ಟೆ. ಇಟ್ಟು, ದೂರು ಬೇರೆ ಕೊಟ್ಟೆ.

ಅಮ್ಮ ಹೋದ ದಿನ ನಾನು ಅಂದ ಮಾತು ನಿನಗೂ ನೆನಪಿದೆ. ಬಿರುಗಾಳಿಗೆ ಕಂಬಗಳೆಲ್ಲ ಮಲಗಿದ್ದವು. ಅಮ್ಮನಿಗೆ ಜೋರಾಗಿದೆ ಎಂದು ಹೇಳಿ ಕಳಿಸಿದರೂ ಅಪ್ಪ ಲೈನು ಎದ್ದ ಮೇಲೆಯೇ ಬಂದರು. "ಊರೋರ ಮಾತನ್ನೆಲ್ಲ ಊರಿಗೆ ಮುಟ್ಟಿಸಿದ್ರಿ. ಅಮ್ಮ ಕೊನೇಲಿ ಕರೆದಾಗ ಕೇಳಿಸ್ಕೊಳ್ಳೋಕೆ ನೀವೇ ಇರ್ಲಿಲ್ಲ" ಎಂದೆ. ಅದಾದ ಮೇಲೆ ಊರಿಗೆ ಬರಲೂ ಇಲ್ಲ. ಆ ಮಾತನ್ನು ನಾನು ಈಗಲೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಅಪ್ಪನಿಗೆ ಉತ್ತರ ಕೊಡುವ ಗಂಟಲೇ ಇಲ್ಲದ ಹಾಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಬರುವ ಭಾನುವಾರ ಫೋನ್ ಮಾಡುತ್ತೇನೆ. ನೀನು ಮನೆಯಲ್ಲಿರು.

ಕಂಪನಿಯವರನ್ನು ಒಂದು ವಿಷಯ ತಪ್ಪದೆ ಕೇಳು. ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನಿಂದ ಬರುತ್ತದೆ, ಮನೆಯಲ್ಲಿ ಕರೆಂಟು ಹೋದರೂ ಅದು ನಡೆಯುತ್ತದೆ. ಫೈಬರ್ ಹಾಗಲ್ಲ. ಮನೆಯ ಕರೆಂಟು ಹೋದರೆ ಫೋನೂ ಹೋಯಿತು. ಬ್ಯಾಟರಿ ಪೆಟ್ಟಿಗೆ ಕೊಡುತ್ತೀರಾ ಎಂದು ಕೇಳು. ನಾಚಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಬೇಡ.

ಅಕ್ಕ


ಮಾರ್ಚ್ ೧೭

ಅಕ್ಕನಿಗೆ,

ಆ ಭಾನುವಾರದ್ದು ನಿನಗೆ ಕೇಳಿಸಿದ್ದಷ್ಟೇ ಗೊತ್ತು. ನಾನು ಕಂಡದ್ದನ್ನು ಬರೆಯುತ್ತೇನೆ.

ಫೋನ್ ಹೊಡೆದುಕೊಂಡಾಗ ಅಪ್ಪ ಅಂಗಿಯ ಗುಂಡಿ ಹಾಕಿಕೊಂಡರು. ನಿನಗೇನು ಕಾಣುತ್ತದೆಯೇ? ಆದರೂ ಹಾಕಿಕೊಂಡರು. ಎತ್ತಿ, ಒಂದು ಸಲ ತಟ್ಟಿದರು. "ಅಪ್ಪಾ, ನೀವೇನಾ?" ಎಂದೆಯಲ್ಲ, ಆಗ ಎರಡು ಸಲ ತಟ್ಟಿ ನನ್ನ ಕಡೆ ನೋಡಿದರು. ಆ ನೋಟ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ನೀನು ಊಟ, ಔಷಧಿ, ನಿದ್ದೆ ಎಂದು ಒಂದೊಂದೇ ಕೇಳುತ್ತಿದ್ದೆ, ಅವರು ತಟ್ಟುತ್ತಿದ್ದರು. ಪರೀಕ್ಷೆಯಲ್ಲಿ ಪ್ರಶ್ನೆಗೆಲ್ಲ ಉತ್ತರ ಬರುವ ಮಗುವಿನ ಹಾಗೆ ಇತ್ತು ಮುಖ.

ಆಮೇಲೆ ನೀನು "ಅಪ್ಪಾ, ನಾನು ಬರ್ಲಾ?" ಎಂದೆ. ಅದಕ್ಕೆ ತಟ್ಟಲಿಲ್ಲ. ಬೆರಳು ಎತ್ತಿ ಹಾಗೇ ಹಿಡಿದಿದ್ದರು. ಲೈನು ಕಟ್ಟಾಯಿತೇನೋ ಎಂದು ನೀನು ಹಲೋ ಹಲೋ ಎಂದಾಗ ಮಾತ್ರ ಒಂದು ಸಲ ತಟ್ಟಿದರು, ಇದ್ದೇನೆ ಎಂದು.

ಯಾಕೆ ಬರಬೇಡ ಅಂದ್ರಿ ಎಂದು ನಾನು ಕೇಳಿದೆ. "ಬೇಡ ಅನ್ನಲಿಲ್ಲ" ಎಂದು ಬರೆದರು. ಅಳಿಸಿ, "ಈ ಕತ್ತು ನೋಡಿದರೆ ಹೆದರುತ್ತಾಳೆ" ಎಂದು ಬರೆದರು. ಅದನ್ನೂ ಅಳಿಸಿದರು.

ಊರಿನ ಸಭೆ ಶಾಲೆಯಲ್ಲಿ ಆಯಿತು. ಎರಡೂ ಕಂಪನಿಗೆ ಊರವರು ಜಾಕೆಟ್ಟಿನ ಬಣ್ಣದ ಹೆಸರು ಇಟ್ಟಿದ್ದಾರೆ, ಒಂದು ಕೆಂಪು, ಒಂದು ಹಸಿರು. ಕೆಂಪು ಕಂಪನಿಯವನು ಇಸ್ತ್ರಿ ಮಾಡಿದ ಜಾಕೆಟ್ಟು ಹಾಕಿಕೊಂಡು ಬಂದಿದ್ದ. ಅವರು ಈಗಿರುವ ಕಂಬಗಳ ಮೇಲೇ ಎಳೆ ಎಳೆಯುತ್ತಾರೆ, ಜೂನ್ ಹೊತ್ತಿಗೆ ಮನೆಯೊಳಗೆ ಲೈನು. ಆದರೆ ಹಳ್ಳದ ಈಚೆಗೇ ನಿಲ್ಲಿಸುತ್ತಾರೆ. ಆಚೆ ಇರುವುದು ಜೇನಿನಜ್ಜಿಯ ಮನೆ ಮತ್ತು ಇನ್ನೆರಡು. ಅಷ್ಟಕ್ಕಾಗಿ ಹಳ್ಳ ದಾಟುವುದು ಕಂಪನಿಗೆ ಪೂರೈಸುವುದಿಲ್ಲವಂತೆ. ಅವನು ಸುಳ್ಳು ಹೇಳಲಿಲ್ಲ, ಇದ್ದದ್ದನ್ನೇ ಹೇಳಿದ.

ಹಸಿರು ಕಂಪನಿಯಿಂದ ಬಂದವಳು ಇಂಜಿನಿಯರು, ಬೂಟಿನ ತುಂಬ ಕೆಸರು. ಅವರು ನೆಲ ಅಗೆದು, ಸೇತುವೆಯ ಅಡಿಯಲ್ಲಿ ಪೈಪು ಹಾಕಿ, ಒಂದು ಮನೆಯನ್ನೂ ಬಿಡದೆ ಎಳೆ ತರುತ್ತಾರೆ. ಆದರೆ ಡಿಸೆಂಬರಿಗಿಂತ ಮೊದಲು ಆಗುವುದಿಲ್ಲ. ತಾಮ್ರ ನಿಲ್ಲುವುದು ಆಗಸ್ಟಿಗೆ. ನಡುವೆ ಊರಿಗೆ ಊರೇ ಮೂಗ ಎಂದು ಗಿರಣಿಯವನು ಅಂದ. ಅಂದ ಮೇಲೆ ಅಪ್ಪನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಇಬ್ಬರದೂ ಒಂದೇ ಷರತ್ತು. ಊರಿನ ಮುಕ್ಕಾಲು ಪಾಲು ಮನೆಗಳು ಒಪ್ಪಿ ಸಹಿ ಹಾಕಿದರೆ ಮಾತ್ರ ಬರುತ್ತಾರೆ.

ಅಕ್ಕ, ನಾನು ಎದ್ದು ನಿಂತು ಕೇಳಿದೆ. "ಕರೆಂಟ್ ಹೋದ್ರೆ ಫೋನ್ ಇರುತ್ತಾ?" ಎಂದೆ. ಕೆಂಪು ಜಾಕೆಟಿನವನು, "ಅದಕ್ಕೇನ್ ಮೇಡಂ, ಹೇಗಿದ್ರೂ ಮೊಬೈಲ್ ಇದ್ದೇ ಇರುತ್ತಲ್ಲ" ಎಂದ. ಇಡೀ ಶಾಲೆ ಗೊಳ್ಳೆಂದಿತು. ಅವನು ತನ್ನ ಮೊಬೈಲ್ ತೆಗೆದು ನೋಡಿ, ಪಾಪ, ಕೆಂಪಾದ. ಬೂಟಿನಮ್ಮ ಮಾತ್ರ, "ಬ್ಯಾಟರಿ ಪೆಟ್ಟಿಗೆ ಕೊಡ್ತೀವಿ. ಒಂದಷ್ಟು ಗಂಟೆ ನಡೆಯುತ್ತೆ, ಆಮೇಲೆ ಇಲ್ಲ" ಎಂದಳು.

ಕೊನೆಗೆ ಯಾರೂ ಸಹಿ ಹಾಕಲಿಲ್ಲ. "ಲೈನ್ ವಿಷಯ ಅಂದ್ರೆ ಲೈನ್‌ಮನ್ ಹೇಳ್ಲಿ. ಅವ್ರು ಹಾಕಿದ ಕಡೆ ನಾವೂ ಹಾಕ್ತೀವಿ" ಎಂದರು. ಅಪ್ಪ ಸ್ಲೇಟು ಎತ್ತಿ ತೋರಿಸಿದರು: "ಯೋಚಿಸಬೇಕು."

ಗುಬ್ಬಿ


ಏಪ್ರಿಲ್ ೨೮

ಅಕ್ಕನಿಗೆ,

ಕೋಪದಲ್ಲಿ ಬರೆಯುತ್ತಿದ್ದೇನೆ.

ಹದಿನೈದು ದಿನದ ಕೆಳಗೆ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗಂಟು ಮತ್ತೆ ಕಾಣಿಸಿಕೊಂಡಿದೆ. ಈ ಸಲ ಕತ್ತರಿಸುವ ಜಾಗದಲ್ಲಿ ಇಲ್ಲವಂತೆ. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅಪ್ಪನೇ ಸ್ಲೇಟಿನಲ್ಲಿ ಬರೆದು ಕೇಳಿದರು. ಡಾಕ್ಟರು, "ಬೇಸಿಗೆ ಕಳೀಲಿ. ಚಳಿಗಾಲದ ಮಾತು ಈಗ ಬೇಡ" ಎಂದರು. ಅಪ್ಪ ಎರಡು ಸಲ ಮೇಜು ತಟ್ಟಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

ಅಲ್ಲಿಂದ ಬಂದ ಮೇಲೆ ನನಗೆ ಒಂದೇ ಹಠ. ಕೆಂಪು ಕಂಪನಿಯೇ ಆಗಬೇಕು. ಜೂನಿಗೆ ಲೈನು ಬಂದರೆ ನೀನು ಅಪ್ಪನನ್ನು ನೋಡುತ್ತೀಯ, ಅವರು ನಿನ್ನನ್ನು ನೋಡುತ್ತಾರೆ. ಬೇಕರಿ ಅಮ್ಮನೂ ನನ್ನ ಪಕ್ಷವೇ. "ಪಟ್ಟಣದ ಹೋಟೆಲಿನೋರು ಆರ್ಡರೆಲ್ಲ ಇಂಟರ್ನೆಟ್‌ನಲ್ಲೇ ಹಾಕ್ತೀವಿ ಅಂತ ಕೂತಿದಾರೆ. ನಾನು ಡಿಸೆಂಬರ್ ತನಕ ಓವನ್ ಮುಂದೆ ಕೂತು ಚಳಿ ಕಾಯಿಸ್ಲಾ? ನಿಮ್ಮಪ್ಪನಿಗೆ ಹೇಳೇ" ಎಂದರು. ಹೇಳಿದೆ. ಅಪ್ಪ ಟೋಪಿ ಹಾಕಿಕೊಂಡು, ಸ್ಲೇಟು ಕಂಕುಳಿಗಿಟ್ಟುಕೊಂಡು, ಹಳ್ಳದ ಕಡೆ ಹೊರಟರು. ನಾನು ಸೈಕಲ್ ತಳ್ಳಿಕೊಂಡು ಹಿಂದೆ ಹೋದೆ.

ಜೇನಿನಜ್ಜಿ ಬಾಗಿಲಲ್ಲೇ ಇದ್ದಳು. "ಬಾರಪ್ಪಾ ಲೈನಪ್ಪ. ಒಂದು ಆಯುಷ್ಯ ನನ್ ಮಾತಿಗೆಲ್ಲ ಎದುರಾಡಿದೆ. ಈಗ್ಲಾದ್ರೂ ಬಾಯ್ಮುಚ್ಕೊಂಡು ಕೂತು ಕೇಳ್ತೀಯ" ಎಂದಳು. ಅಪ್ಪ ಹೆಗಲು ಕುಣಿಸಿ ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

"ಯಾವ ಕಂಪನಿ ಬೇಕಜ್ಜಿ?" ಎಂದು ಕೇಳಿದೆ.

"ನಂಗ್ಯಾಕೇ ಕಂಪನಿ? ಇಂಟರ್ನೆಟ್ಟಲ್ಲಿ ಗಂಡು ಹುಡುಕ್ಲಾ?" ಎಂದಳು. ಆಮೇಲೆ ಮೊಣಕಾಲು ಸವರಿಕೊಂಡು ಮೆಲ್ಲಗೆ, "ಹೋದ ಚಳಿಗಾಲ ಇಲ್ಲೇ ಜಾರಿಬಿದ್ದೆ. ಏಳೋಕಾಗ್ಲಿಲ್ಲ. ವೈರು ಹಿಡಿದು ಎಳೆದು ಎಳೆದು ಫೋನನ್ನ ಮೇಜಿಂದ ಕೆಡವಿ, ಡಾಕ್ಟರನ್ನ ಕರೆದೆ. ಅವತ್ತು ನಿಮ್ಮಪ್ಪನಿಗೆ ಮನಸ್ಸಲ್ಲೇ ಕೈಮುಗಿದಿದೀನಿ. ಎದುರಿಗೆ ಹೇಳಿದ್ರೆ ಜಂಬ ಬಂದುಬಿಡುತ್ತೆ ಅಂತ ಹೇಳಿರ್ಲಿಲ್ಲ" ಎಂದಳು.

ಅಪ್ಪ ಎದ್ದು ಗೋಡೆಯ ಮೇಲಿನ ಆ ವೈರನ್ನು ಮೇಲಿಂದ ಕೆಳಗೆ ಸವರಿ ನೋಡಿದರು. ಹಳ್ಳ ದಾಟಿಸಿ ಅದನ್ನು ಎಳೆದವರು ಅವರೇ.

ವಾಪಸ್ ಬರುವಾಗ ಸೇತುವೆಯ ಮೇಲೆ ನಾನು ತಡೆಯಲಾರದೆ, "ಅಪ್ಪಾ, ಡಿಸೆಂಬರ್ ಅಂದ್ರೆ ನಿಮಗೆ..." ಎಂದೆ. ಅವರು ಸ್ಲೇಟನ್ನು ಸೇತುವೆಯ ಕಟ್ಟೆಗೆ ಒರಗಿಸಿ ಬರೆದರು: "ಗೊತ್ತು." ಅದರ ಕೆಳಗೆ: "ಕೊನೇ ಮನೆಯಲ್ಲಿ ಗಂಟೆ ಹೊಡೆಯದೆ ಲೈನು ಮುಗೀತು ಅಂತ ನಾನು ಹೇಗೆ ಹೇಳಲಿ?"

ನಿನ್ನೆ ಅಪ್ಪ ಹಸಿರು ಕಂಪನಿಗೆ ಸಹಿ ಹಾಕಿದರು. ಬೇಕರಿ ಅಮ್ಮ ಬಾಯಿಗೆ ಬಂದಂತೆ ಬೈದು, ಬೈಯುತ್ತಲೇ ತಾವೂ ಸಹಿ ಹಾಕಿದರು. ಊರೇ ಹಾಕಿತು. ನಾನು ಒಳಗೆ ಹೋಗಿ ಕದ ಹಾಕಿಕೊಂಡೆ.

ನೀನಾದರೂ ಅವರಿಗೆ ಬೈದು ಹೇಳು.

ಗುಬ್ಬಿ


ಜೂನ್ ೧೧

ಅಕ್ಕನಿಗೆ,

ನನ್ನ ಕಾಗದ ಮುಟ್ಟಿದೆ ಎಂದು ಗೊತ್ತು, ಯಾಕೆಂದರೆ ಅವತ್ತಿನಿಂದ ನೀನು ಫೋನ್ ಮಾಡಿಲ್ಲ.

ಬೈದು ಹೇಳು ಎಂದಿದ್ದೆ. ಸುಮ್ಮನಾಗು ಎಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅಂಗಿಯ ಗುಂಡಿ ಹಾಕಿಕೊಂಡು ಫೋನಿನ ಪಕ್ಕ ಕೂರುತ್ತಾರೆ. ನಾನು ಬ್ರೆಡ್ಡು ಹಂಚಿ ಬರುವಾಗಲೂ ಅಲ್ಲೇ ಇರುತ್ತಾರೆ. ಕಾಫಿ ಆರಿರುತ್ತದೆ. ನುಂಗುವುದು ಈಗ ಕಷ್ಟ, ಆದರೂ ಕಾಫಿ ಕೇಳುತ್ತಾರೆ. ನಾನು ಕಪ್ಪು ತೊಳೆದಿಡುತ್ತೇನೆ.

ತಾಮ್ರದ ಲೈನು ಇನ್ನೂ ಇದೆ ಅಕ್ಕ.

ಗುಬ್ಬಿ


ಜುಲೈ ೨

ಗುಬ್ಬಿ,

ನಿನ್ನ ಮೇಲೆ ಕೋಪವಿರಲಿಲ್ಲ. ಮತ್ತೆ ಅದೇ ಆಯಿತು ಎಂದುಕೊಂಡೆ. ಅವತ್ತೂ ಊರಿನ ಲೈನು ಮೊದಲು, ಅಮ್ಮ ಆಮೇಲೆ. ಈಗಲೂ ಹಳ್ಳದಾಚೆಯವರು ಮೊದಲು, ನಾವು ಆಮೇಲೆ. ರಿಸೀವರ್ ಎತ್ತಿದರೆ ಏನೆಂದುಬಿಡುತ್ತೇನೋ ಎಂಬ ಭಯಕ್ಕೆ ಎತ್ತಲಿಲ್ಲ. ತಿರುಗಿ ಉತ್ತರ ಕೊಡಲಾಗದವರಿಗೆ ಬೈಯುವುದು ಎಂಥ ಮಾತು?

ಮೊನ್ನೆ ಡ್ಯೂಟಿಯಲ್ಲಿ ಒಂದು ಕರೆ ಬಂತು. ಎತ್ತಿದರೆ ಮಾತಿಲ್ಲ, ಬರೀ ಏದುಸಿರು. ಎಂದಿನಂತೆ, ತಟ್ಟಿ ಎಂದೆ. "ತಟ್ಟೋದಲ್ಲ ಮೇಡಂ, ಓಡಿ ಬಂದೆ, ತಡೀರಿ" ಎಂದ. ಅವನ ಮನೆ ಗುಡ್ಡದ ಹಿಂದೆ ಎಲ್ಲೋ. ಅಲ್ಲಿ ಯಾವ ಲೈನೂ ಇಲ್ಲ. ಹೆಂಡತಿ ಎಚ್ಚರ ತಪ್ಪಿ ಬಿದ್ದಿದ್ದಾಳೆ. ಅವನು ಮೊಬೈಲ್ ಸಿಗ್ನಲ್ ಸಿಗುವ ರಸ್ತೆಯವರೆಗೂ ಓಡಿ ಬಂದು ಫೋನ್ ಮಾಡಿದ್ದ. "ಈಗ ಉಸಿರಾಡ್ತಿದಾರಾ?" ಎಂದು ಕೇಳಿದೆ. ಅದು ನಮ್ಮ ಎರಡನೇ ಪ್ರಶ್ನೆ. "ನಾನು ಇಲ್ಲಿದೀನಲ್ಲ ಮೇಡಂ, ನಂಗೆ ಹೇಗೆ ಗೊತ್ತಾಗ್ಬೇಕು?" ಎಂದ.

ಗಾಡಿ ಕಳಿಸಿದೆ. ಏನಾಯಿತು ಎಂದು ನಮಗೆ ಯಾರೂ ತಿಳಿಸುವುದಿಲ್ಲ. ಮುಂದಿನ ಕರೆ ಎತ್ತಬೇಕು, ಅಷ್ಟೇ.

ಅಪ್ಪ ಸಹಿ ಹಾಕಿದ್ದು ಸರಿಯಾದ ಕಡೆಗೇ. ಇದನ್ನು ಬರೆಯಲು ನನ್ನ ಕೈ ಒಪ್ಪುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಅಮ್ಮನ ದಿನದ್ದು ಬೇರೆ. ಅದು ಹಾಗೇ ಇದೆ.

ಈ ಭಾನುವಾರದಿಂದ ಮಾಡುತ್ತೇನೆ. ಕಾಫಿ ಬಿಸಿಯಾಗಿ ಕೊಡು.

ಅಕ್ಕ


ಸೆಪ್ಟೆಂಬರ್ ೧೪

ಅಕ್ಕನಿಗೆ,

ನಿನ್ನ ಕೊನೇ ಫೋನ್ ಮುಗಿದ ಮಾರನೇ ದಿನ ಮಧ್ಯಾಹ್ನ ಲೈನು ಸತ್ತಿತು. ಅಪ್ಪ ರಿಸೀವರ್ ಎತ್ತಿ ಕಿವಿಗಿಟ್ಟರು. ನಾಡಿ ನೋಡಿದ ವೈದ್ಯರ ಹಾಗೆ ತಲೆಯಾಡಿಸಿ, ಮೆತ್ತಗೆ ಇಟ್ಟರು. ವಾರ ಕಳೆದ ಮೇಲೆ ಆಳುಗಳು ಬಂದು ಕಂಬದಿಂದ ತಾಮ್ರ ಇಳಿಸಿಕೊಂಡು ಹೋದರು. ಅಪ್ಪ ಹಿಂದಿನ ಅಂಗಳಕ್ಕೆ ಹೋಗಿ ಕೂತಿದ್ದರು.

ಅಪ್ಪ ತುಂಬ ಇಳಿದುಹೋಗಿದ್ದಾರೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಕಾಣುತ್ತದೆ. ಈಗ ಎಲ್ಲ ಗಂಜಿಯೇ. ನರ್ಸು ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ಅವಳಿಗೂ ಅಪ್ಪ ಚಳಿಗಾಲದ ಮಾತು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಹಸಿರು ಕಂಪನಿಯವರು ಅಗೆಯಲು ಶುರು ಮಾಡಿದ್ದಾರೆ. ಮೊದಲು ಹಳ್ಳದಾಚೆ, ಆಮೇಲೆ ಈಚೆ. ಬೇಕರಿ ಅಮ್ಮನ ಮೆಟ್ಟಿಲ ಮುಂದೆಯೇ ಗುಂಡಿ ತೋಡಿಟ್ಟು ಎರಡು ದಿನ ಮಾಯವಾದರು. ಅವರ ವಂಶವನ್ನೆಲ್ಲ ಬೇಕರಿ ಅಮ್ಮ ನೆನೆಸಿಕೊಂಡರು. ಅಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಿನ್ನೆ ಒಬ್ಬ ಗಾಜಿನ ಎಳೆಯ ತುಂಡೊಂದನ್ನು ಅವರ ಕೈಗಿಟ್ಟ. ಕೂದಲಿನಷ್ಟೇ ಇದೆ. ಅಪ್ಪ ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ಮಾತು ಹೇಗೆ ಹೋಗುತ್ತೆ?" ಎಂದು ಬರೆದರು.

"ಬೆಳಕಾಗಿ ಹೋಗುತ್ತೆ ಯಜಮಾನ್ರೇ."

ಅಪ್ಪ ಬರೆದರು: "ಹಾಗಾದರೆ ಗಂಟಲು ಬೇಕಿಲ್ಲ." ಅವನು ನಗಲೋ ಬೇಡವೋ ಎಂದು ನಿಂತುಬಿಟ್ಟ.

ನೀನು ಕಳಿಸಿದ ಟ್ಯಾಬು ಬಂತು. ಲೈನು ಬರುವ ತನಕ ಅದರಲ್ಲಿ ಏನೂ ಕಾಣುವುದಿಲ್ಲ ಎಂದರೂ ಅಪ್ಪ ದಿನಾ ಒರೆಸಿಡುತ್ತಾರೆ. ರಜೆ ಸಿಗುವುದು ಈ ವರ್ಷ ಕಳೆದ ಮೇಲೆಯೇ ಎಂದು ಬರೆದಿದ್ದೀಯ. ಸಿಕ್ಕರೂ, ಬಾ ಎಂದು ಅವರು ಇನ್ನೂ ಹೇಳಿಲ್ಲ. ನಾನು ಹೇಳಿಸಲು ನೋಡಿದೆ. ಮುಖ ಆಚೆ ತಿರುಗಿಸುತ್ತಾರೆ.

ನನಗೆ ಭಯವಾಗುತ್ತದೆ. ಬೇರೆ ಯಾರಿಗೂ ಹೇಳಿಲ್ಲ.

ಗುಬ್ಬಿ


ಡಿಸೆಂಬರ್ ೧೯

ಅಕ್ಕನಿಗೆ,

ಈಗ ದಿನಾ ಮುಖ ನೋಡುತ್ತಿದ್ದರೂ ಯಾಕೆ ಕಾಗದ ಎನ್ನುತ್ತೀಯ. ಆ ಗಾಜಿನ ಮುಂದೆ ಕೂತರೂ ನನಗೆ ಮಾತು ಹೊರಡುವುದಿಲ್ಲ. ಮೊನ್ನೆ ಮೊನ್ನೆ ಶುರುವಾದ ಲೈನಿನಲ್ಲಿ ನಿನಗೆ ಅಲ್ಲಿ ಕಂಡದ್ದು ನಿನಗೆ ಗೊತ್ತು. ಇಲ್ಲಿ ನಡೆದದ್ದು ನನಗೊಬ್ಬಳಿಗೇ ಗೊತ್ತು, ಅದು ಬರೆದು ಇಡಬೇಕಾದ್ದು.

ಮೊದಲು ಲೈನು ಹೊತ್ತಿದ್ದು ಜೇನಿನಜ್ಜಿಯ ಮನೆಯಲ್ಲಿ. ಅವಳು ಹೊಸ ಫೋನಿನಲ್ಲಿ ಬೇಕರಿಗೆ ಮಾಡಿ, ನಿನ್ನೆ ಕೊಟ್ಟ ಬ್ರೆಡ್ಡು ಕಲ್ಲಾಗಿತ್ತು ಎಂದು ಜಗಳ ಕಾದಳು. ಆ ಸುದ್ದಿ ಬಂದ ಮೇಲೆಯೇ ಅಪ್ಪ ನಮ್ಮ ಪೆಟ್ಟಿಗೆಯನ್ನು ಗೋಡೆಗೆ ಕೂರಿಸಲು ಬಿಟ್ಟದ್ದು.

ಹಾಸಿಗೆಗೆ ದಿಂಬು ಒರಗಿಸಿ ಅಪ್ಪನನ್ನು ಕೂರಿಸಿದೆ. ಟ್ಯಾಬನ್ನು ಚಾವಣಿಯ ಕಡೆಗೆ ತಿರುಗಿಸಿ ಹಿಡಿ ಎಂದು ಕೈ ಮಾಡಿದರು. ನಿನಗೆ ಮೊದಲು ಕಂಡದ್ದು ನಮ್ಮ ತೊಲೆ. "ಅಪ್ಪಾ, ತೊಲೆ ಚೆನ್ನಾಗಿದೆ. ಇನ್ನೇನಿದೆ ಮನೇಲಿ?" ಎಂದೆಯಲ್ಲ, ಆಗ ಅವರ ಹೆಗಲು ಅಲುಗಿತು. ತಾವೇ ಟ್ಯಾಬನ್ನು ಇಳಿಸಿದರು. ಆಮೇಲೆ, ನಾನು ತಡೆಯುವ ಮೊದಲೇ, ಕತ್ತಿನ ಬಟ್ಟೆ ಬಿಚ್ಚಿದರು.

ನೀನು ಹೆದರಲಿಲ್ಲ. "ಅಂಚು ಸ್ವಲ್ಪ ಕೆಂಪಾಗಿದೆ. ನರ್ಸಿಗೆ ತೋರಿಸಿದ್ರಾ?" ಎಂದೆ. ಅಷ್ಟೇ. ಅಪ್ಪ ನಿನ್ನನ್ನು ನೋಡುತ್ತಲೇ ಇದ್ದರು. "ನನ್ ಕೂದ್ಲು ನೆರೆತಿದೆ ಅಂತ ನೋಡ್ತಿದೀರಾ?" ಎಂದೆ. ಅವರು ಎರಡು ಸಲ ತಲೆಯಾಡಿಸಿದರು.

ಆಮೇಲೆ ಸ್ಲೇಟು ತೆಗೆದುಕೊಂಡು ಬರೆದು ಹಿಡಿದರು. ಮೂಲೆಯಲ್ಲಿ ನಮ್ಮದೇ ಮುಖ ಕಾಣುವ ಚಿಕ್ಕ ಚೌಕವಿದೆಯಲ್ಲ, ಅದರಲ್ಲಿ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಕಾಣಿಸಿತು. ಅಪ್ಪ ಗಾಬರಿಯಾಗಿ, ನೀನು ಓದುವ ಮೊದಲೇ ಅಳಿಸಿಬಿಟ್ಟರು. ನಿನಗೂ ತಿರುಗಿಯೇ ಕಾಣುತ್ತದೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ನಮ್ಮ ಚೌಕದಲ್ಲಿ ಮಾತ್ರ ಹಾಗೆ ಎಂದು ನಮಗೆ ಯಾರು ಹೇಳಬೇಕಿತ್ತು? ಅದಕ್ಕೇ ಒಂದೊಂದೇ ಅಕ್ಷರವನ್ನು ಹಿಂದುಮುಂದಾಗಿ, ಚೌಕ ನೋಡಿಕೊಂಡು, ಅಳಿಸಿ, ತಿದ್ದಿ ಬರೆದರು. ನಾನು ಸ್ಲೇಟು ಹಿಡಿದುಕೊಂಡೆ. ಅಷ್ಟು ಹೊತ್ತೂ ನೀನು ಏನು ಎಂದು ಕೇಳದೆ ಕಾದೆ.

ನಮ್ಮ ಚೌಕದಲ್ಲಿ ನೆಟ್ಟಗೆ ಕಂಡದ್ದನ್ನು ನಾನು ಓದಿಕೊಂಡೆ. "ಅಮ್ಮನ ದಿನ ನಾನು ಮನೆಗೆ ಬರಬೇಕಿತ್ತು. ಬರಲಿಲ್ಲ."

ನಿನಗೆ ಅದು ತಿರುಗಿ ಕಂಡಿತು. "ತಡೀರಿ ಅಪ್ಪಾ, ಅಲ್ಲಾಡಿಸ್ಬೇಡಿ" ಎಂದು ಎದ್ದು ಹೋಗಿ, ಬಚ್ಚಲಿನ ಕನ್ನಡಿಯನ್ನೇ ಮೊಳೆಯಿಂದ ಬಿಚ್ಚಿ ತಂದೆ. ನಮಗೆ ಕಂಡದ್ದು ಕನ್ನಡಿಯೊಳಗೆ ನಮ್ಮದೇ ಚಿತ್ರ ಮಾತ್ರ. ಪರದೆಯ ಹಿಂದಿನಿಂದ ನೀನು ಬಹಳ ಹೊತ್ತು ಅದನ್ನು ಓದಿದೆ. ಅಪ್ಪ ಸ್ಲೇಟನ್ನು ಎದೆಯ ಮೇಲೆ ಅಲುಗಾಡದಂತೆ ಹಿಡಿದುಕೊಂಡಿದ್ದರು. ಹೋಗಲಿ ಬಿಡಿ ಎನ್ನುತ್ತೀಯೇನೋ ಎಂದು ನಾನು ಕಾದೆ. ನೀನು ಕನ್ನಡಿ ಕೆಳಗಿಟ್ಟು, "ಹೌದಪ್ಪಾ. ಬರ್ಬೇಕಿತ್ತು" ಎಂದೆ.

ಅಪ್ಪ ಕಣ್ಣು ಮುಚ್ಚಿ ದಿಂಬಿಗೆ ಒರಗಿದರು. ಭಾರದ ಗಂಟನ್ನು ಇನ್ನೊಬ್ಬರು ಇಳಿಸಿಕೊಂಡಾಗ ಹೆಗಲು ಹೇಗೆ ಸಡಿಲವಾಗುತ್ತದೋ ಹಾಗೆ. ನೀನು ಇನ್ನಾವ ಮಾತು ಹೇಳಿದ್ದರೂ ಅವರು ನಂಬುತ್ತಿರಲಿಲ್ಲ ಎಂದು ನನಗೆ ಆಮೇಲೆ ಅನ್ನಿಸಿತು.

ಅವತ್ತಿನಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ. ಊಟ ಇಲ್ಲವೇ ಇಲ್ಲ ಎನ್ನಬಹುದು. ನರ್ಸು ಈಗ ದಿನಾ ಬರುತ್ತಾಳೆ. ನಿನ್ನೆ ನೀನು ಕೇಳುವುದನ್ನೆಲ್ಲ ಬಿಟ್ಟು, "ನಾನು ಹೊರಟೆ ಅಪ್ಪಾ. ರಜೆ ಕೊಡದಿದ್ರೆ ಕೆಲಸ ಬಿಟ್ಟು ಬರ್ತೀನಿ" ಎಂದು ಹೇಳಿ ಫೋನ್ ಇಟ್ಟೆಯಲ್ಲ, ಅಪ್ಪ ಸ್ಲೇಟಿಗೆ ಕೈ ಹಾಕಲಿಲ್ಲ. ನನ್ನ ಕಡೆ ತಿರುಗಿ, ನಿನ್ನ ಕೋಣೆಯ ಬಾಗಿಲನ್ನು ಬೆರಳಿನಿಂದ ತೋರಿಸಿದರು.

ಈ ಕಾಗದ ನಿನ್ನನ್ನು ಮುಟ್ಟುವುದರೊಳಗೆ ನೀನೇ ಇಲ್ಲಿರುತ್ತೀಯೇನೋ. ಇರಲಿ, ವಾಪಸ್ ಹೋದಾಗ ಓದು.

ನಿನ್ನ ಕೋಣೆ ಗುಡಿಸಿದ್ದೇನೆ. ಹಳೇ ವೈರು ಒಳಗೆ ಬರುತ್ತಿದ್ದದ್ದು ಆ ಕಿಟಕಿಯ ಚೌಕಟ್ಟಿನಿಂದಲೇ. ತಾಮ್ರ ತೆಗೆದ ಮೇಲೆ ಅಲ್ಲಿ ಬೆರಳು ಹೋಗುವಷ್ಟು ತೂತು ಉಳಿದು, ಚಳಿಗಾಳಿ ನೇರ ಮಂಚದ ಮೇಲೆ ಬೀಸುತ್ತಿತ್ತು. ಇವತ್ತು ಬೆಳಿಗ್ಗೆ ಮರದ ಹೊಟ್ಟಿಗೆ ಅಂಟು ಕಲಸಿ, ಅದನ್ನು ತುಂಬಿ ಮುಚ್ಚಿದೆ.

ನಿನ್ನ
ಗುಬ್ಬಿ